ಕ್ಷಮೆ ಬರೆಯುವವಳ ರಜೆ

ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು ಎಲ್ಲಿದ್ದರೂ ಬೆಚ್ಚಿಬಿದ್ದು, ಬಾಯಲ್ಲಿ ತುತ್ತಿದ್ದರೂ ‘ಇದ್ದೇನೆ’ ಎಂದುಬಿಡುತ್ತಾರೆ. ಪಾಪ, ಅವರಿಗೆ ಅದನ್ನೇ ಚಾಳಿ ಮಾಡಿಸಿದ್ದಾರೆ.

ಆ ಊರಿನಲ್ಲಿ ಪ್ರತಿ ಕೋಣೆಯ ಜಂತಿಯಿಂದ ಒಂದು ತಾಮ್ರದ ಕೊಡ ಬೋರಲಾಗಿ ತೂಗುತ್ತಿತ್ತು. ಕೊಡದೊಳಗೆ ನೀರಿರಲಿಲ್ಲ, ಧಾನ್ಯವಿರಲಿಲ್ಲ, ಒಂದು ದನಿ ಇತ್ತು. ಕೊಡದ ಕೆಳಗೆ ಒಂದು ಮಣೆ, ಮಣೆಯ ಮೇಲೆ ಒಬ್ಬ ಮನುಷ್ಯ. ಹೊತ್ತಿಗೊಂದು ಸಲ ಕೊಡ ಕೇಳುತ್ತಿತ್ತು: ‘ಇದ್ದೀಯಾ?’ ಮನುಷ್ಯ ಕತ್ತೆತ್ತಿ ಹೇಳುತ್ತಿದ್ದ: ‘ಇದ್ದೇನೆ.’ ಕೊಡ ಕೇಳುತ್ತಿತ್ತು: ‘ಕೇಳಿಸುತ್ತಿದೆಯಾ?’ ಮನುಷ್ಯ ಹೇಳುತ್ತಿದ್ದ: ‘ಕೇಳಿಸುತ್ತಿದೆ.’ ಆಮೇಲೆ ಕೊಡ ಕೆಲಸ ಹೇಳುತ್ತಿತ್ತು, ಮನುಷ್ಯ ಮಾಡುತ್ತಿದ್ದ.

ಕೊಡದೊಳಗಿನ ದನಿ ಯಾರದು ಎಂದು ಕೇಳಿದರೆ ಊರಿನವರು ‘ಆಚೆಯವರದು’ ಎನ್ನುತ್ತಿದ್ದರು. ಆಚೆ ಎಂದರೆ ಹೊಳೆಯಾಚೆ. ಹಿಂದೆ ಊರಿನವರೆಲ್ಲ ಬುತ್ತಿ ಕಟ್ಟಿಕೊಂಡು, ಹೊಳೆ ದಾಟಿ ಆಚೆಗೆ ಹೋಗಿ ದುಡಿದು, ಸಂಜೆಗೆ ಬರುತ್ತಿದ್ದರಂತೆ. ಒಂದು ದಿನ ಕಂಚುಗಾರನೊಬ್ಬ ಗಾಡಿ ತುಂಬ ಕೊಡ ಹೇರಿಕೊಂಡು ಬಂದ. ‘ಇನ್ನು ನೀವು ನಡೆಯಬೇಕಾಗಿಲ್ಲ. ಮನೆಯಲ್ಲೇ ಕೂತು ದುಡಿಯಿರಿ. ಹೆಂಡಿರು ಮಕ್ಕಳ ಮುಖ ನೋಡುತ್ತಾ ದುಡಿಯಿರಿ’ ಎಂದ. ಊರಿನವರು ಅವನಿಗೆ ಹೂವಿನ ಹಾರ ಹಾಕಿದರು. ಆಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಕತ್ತೆತ್ತಿ ಕೊಡದ ಬಾಯನ್ನೇ ನೋಡಿದರು. ಆ ಊರಿನಲ್ಲಿ ಕತ್ತು ನೋವಿಲ್ಲದ ಒಬ್ಬ ಆಳೂ ಇರಲಿಲ್ಲ.

ಕೊಡಕ್ಕೆ ಒಂದು ಕಟ್ಟಳೆ ಇತ್ತು. ಮೂರು ಸಲ ಕರೆದರೂ ಓಗೊಡದವನು ಇಲ್ಲ. ಸತ್ತ ಎಂದಲ್ಲ, ಊರು ಬಿಟ್ಟ ಎಂದಲ್ಲ. ಅಂಥವನು ಇಲ್ಲ, ಅಷ್ಟೇ. ಮೂರನೆಯ ಕರೆ ಮುಗಿದ ಮೇಲೆ ನೆರೆಯ ಮೂವರು ಸುಣ್ಣದ ಬಕೆಟ್ಟು ಹಿಡಿದು ಬರುತ್ತಿದ್ದರು. ಬಾಗಿಲ ಪಕ್ಕದ ಗೋಡೆಯ ಮೇಲೆ ಮನೆಯವರೆಲ್ಲರ ಅಂಗೈ ಗುರುತು ಕೆಮ್ಮಣ್ಣಿನಲ್ಲಿ ಒತ್ತಿರುತ್ತಿತ್ತು. ಅದರಲ್ಲಿ ಅವನ ಅಂಗೈ ಹುಡುಕಿ, ಮೂರು ಸಲ ಸುಣ್ಣ ಬಳಿದು, ತಿರುಗಿ ನೋಡದೆ ಹೋಗುತ್ತಿದ್ದರು. ಅಂದಿನಿಂದ ಓಗೊಡುವವರು ಅವನನ್ನು ನೋಡಬಾರದು, ಅವನ ಮಾತು ಕೇಳಬಾರದು, ಅವನಿಗೆ ಉತ್ತರ ಕೊಡಬಾರದು. ಕೊಟ್ಟವರ ಅಂಗೈಗೂ ಸುಣ್ಣ. ವಾರಕ್ಕೊಮ್ಮೆ ಹೊಳೆಯಾಚೆಯಿಂದ ಬರುವ ಅಕ್ಕಿಯ ಗಾಡಿ ಇರುವವರ ಮನೆಯ ಮುಂದೆ ಮಾತ್ರ ನಿಲ್ಲುತ್ತಿತ್ತು.

ಇಂಥ ಕಟ್ಟಳೆಯನ್ನು ಊರೆಂಬ ಊರು ತಲೆ ಬಗ್ಗಿಸಿ ಒಪ್ಪಿಕೊಂಡಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ‘ಮೊದಲಿನಿಂದಲೂ ಹೀಗೇ’ ಎಂದರು. ಮೊದಲು ಎಂದರೆ ಯಾವಾಗ ಎಂದರೆ ಅವರಿಗೆ ಪುರುಸೊತ್ತಿರಲಿಲ್ಲ, ಕೊಡ ಕರೆಯುತ್ತಿತ್ತು.

ಆ ಊರಿನ ನಡುಬೀದಿಯಲ್ಲಿ ಕ್ಷಮೆ ಬರೆಯುವವಳೊಬ್ಬಳಿದ್ದಳು. ಆಚೆಯವರು ಲೋಕಕ್ಕೆಲ್ಲ ಸಾಮಾನು ಮಾರುತ್ತಿದ್ದರು. ಸಾಮಾನು ಒಡೆದಿದ್ದರೆ, ತಡವಾಗಿದ್ದರೆ, ಒಬ್ಬರದು ಇನ್ನೊಬ್ಬರಿಗೆ ಹೋಗಿದ್ದರೆ ಕೊಂಡವರು ಬೈಯುತ್ತಿದ್ದರು. ಬೈಗುಳ ಕೊಡದಿಂದ ಇಳಿದು ಅವಳ ನೆತ್ತಿಯ ಮೇಲೆ ಬೀಳುತ್ತಿತ್ತು. ಅವಳು ಓಲೆ ತೆಗೆದು ಬರೆಯುತ್ತಿದ್ದಳು: ‘ತಮಗಾದ ಅನಾನುಕೂಲಕ್ಕೆ ನಾವು ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ.’ ಮಡಕೆ ಒಡೆದವನಿಗೂ ಅದೇ, ಮದುವೆ ಸೀರೆ ಮದುವೆ ಮುಗಿದ ಮೇಲೆ ಮುಟ್ಟಿದವಳಿಗೂ ಅದೇ. ದಿನಕ್ಕೆ ನೂರು ಕ್ಷಮೆ. ತಾನು ಮಾಡದ ತಪ್ಪಿಗೆ, ತಾನು ಕಾಣದ ಜನಕ್ಕೆ, ಹದಿನಾಲ್ಕು ವರ್ಷ. ಅವಳಷ್ಟು ಚೆನ್ನಾಗಿ ಕ್ಷಮೆ ಬರೆಯುವವರು ಇನ್ನೊಬ್ಬರಿಲ್ಲ ಎಂದು ಕೊಡವೇ ಹೊಗಳುತ್ತಿತ್ತು.

ಅವಳ ಗಂಡ ನಕ್ಷೆ ತಿದ್ದುವವನು. ತಾನು ಎಂದೂ ಕಾಲಿಡದ ಊರುಗಳ ದಾರಿ, ತಿರುವು, ಸೇತುವೆಗಳನ್ನು ಕೊಡ ಹೇಳಿದ ಹಾಗೆ ತಿದ್ದುತ್ತಿದ್ದ. ತಮ್ಮೂರಿನ ಕೆರೆಗೆ ಹೋಗುವ ದಾರಿ ಅವನಿಗೆ ಮರೆತುಹೋಗಿತ್ತು. ಗಂಡ ಹೆಂಡತಿಯ ಕೋಣೆಗಳ ನಡುವೆ ಒಂದೇ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆ ಕೇಳಿಸುತ್ತಿತ್ತು.

ಒಂದು ದಿನ ನಕ್ಷೆ ತಿದ್ದುವವನಿಗೆ ಜ್ವರ ಬಂತು. ಮಣೆಯ ಮೇಲೆ ಕೂತಲ್ಲೇ ವಾಲಿ, ಚಾಪೆಯ ಮೇಲೆ ಬಿದ್ದು ನಿದ್ದೆ ಹೋದ. ಮಧ್ಯಾಹ್ನದ ಹೊತ್ತು. ಅವನ ಕೊಡ ಕರೆಯಿತು: ‘ಇದ್ದೀಯಾ?’

ಗೋಡೆಯಾಚೆ ಕ್ಷಮೆ ಬರೆಯುವವಳಿಗೆ ಕೇಳಿಸಿತು. ಅವಳು ಆಗ ಯಾರದೋ ಛತ್ರಿಯ ಕಡ್ಡಿ ಮುರಿದದ್ದಕ್ಕೆ ಕ್ಷಮೆ ಬರೆಯುತ್ತಿದ್ದಳು. ಛತ್ರಿಯವನು ಬಹಳ ಸಿಟ್ಟಿನ ಮನುಷ್ಯ. ಓಲೆ ನಡುವಿಗೆ ಬಂದಿತ್ತು. ಇದೊಂದು ಮುಗಿಸಿ ಏಳೋಣ ಎಂದುಕೊಂಡಳು.

ಕೊಡ ಎರಡನೆಯ ಸಲ ಕರೆಯಿತು. ಅವಳು ‘ಹೃತ್ಪೂರ್ವಕವಾಗಿ’ ಎಂದು ಬರೆಯುತ್ತಿದ್ದಳು. ಎದ್ದರೆ ತನ್ನ ಕೊಡವೂ ಕರೆಯುತ್ತದೆ, ತಾನಿಲ್ಲದಿದ್ದರೆ ಏನು ಗತಿ ಎಂದುಕೊಂಡಳು.

ಕೊಡ ಮೂರನೆಯ ಸಲ ಕರೆಯಿತು. ಅವಳು ‘ವಿಷಾದಿಸುತ್ತೇವೆ’ ಎಂದು ಬರೆದು ಮುಗಿಸಿದಳು. ಗೋಡೆಯಾಚೆ ಸದ್ದಡಗಿತು.

ಹತ್ತು ಹೆಜ್ಜೆ ನಡೆದು ಅವನ ಭುಜ ಅಲ್ಲಾಡಿಸಿದ್ದರೆ ಸಾಕಾಗಿತ್ತು. ಹತ್ತೇ ಹೆಜ್ಜೆ. ಅದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಅವಳ ಮೇಲೆ ಎಂದುಕೊಳ್ಳಬೇಡಿ. ಗಂಡನ ಜ್ವರಕ್ಕಿಂತ ಯಾವನದೋ ಛತ್ರಿಯ ಕಡ್ಡಿ ಅವಸರದ್ದು ಎಂದು ಒಂದು ಹೆಣ್ಣಿನ ತಲೆಗೆ ತುಂಬಿದರಲ್ಲ, ಅವರ ಮೇಲೆ.

ನೆರೆಯ ಮೂವರು ಬಂದರು. ಎದುರುಮನೆಯ ಹೆಸರಿಡುವವಳು ಬಕೆಟ್ಟು ಹಿಡಿದಿದ್ದಳು. ಅವಳ ಕೆಲಸ ಆಚೆಯವರ ಸೀರೆಗಳ ಬಣ್ಣಕ್ಕೆ ಹೊಸ ಹೊಸ ಹೆಸರು ಹುಡುಕುವುದು. ಜೊತೆಗೆ ಬೆಲೆ ಹೋಲಿಸುವವನು, ಹಾಡು ವಿಂಗಡಿಸುವವನು. ಮೂರು ಸಲ ಸುಣ್ಣ ಬಳಿದರು. ಒಳಗೆ ಅವನು ಇನ್ನೂ ಮಲಗಿದ್ದ. ಎದ್ದು ನೀರು ಕೇಳಿದಾಗ ಅವನು ಇರಲಿಲ್ಲ.

ಎರಡು ವರ್ಷ ಹಾಗೇ ನಡೆಯಿತು. ಅವಳು ಒಬ್ಬಳಿಗೆಂದು ಅಡಿಗೆ ಮಾಡಿ, ಉಳಿಯಿತು ಎಂದುಕೊಂಡು ಇನ್ನೊಂದು ತಟ್ಟೆಗೆ ಬಡಿಸಿ, ಮೂಲೆಯಲ್ಲಿಟ್ಟು, ಗೋಡೆ ಕಡೆ ತಿರುಗುತ್ತಿದ್ದಳು. ತಟ್ಟೆ ಬರಿದಾಗುತ್ತಿತ್ತು. ಮಾಡಿನ ಹೆಂಚು ಜಾರಿದರೆ ಮರುದಿನ ಸರಿಯಾಗಿರುತ್ತಿತ್ತು. ಹಿತ್ತಲಿನ ಚಪ್ಪರದಲ್ಲಿ ಹೀರೇಕಾಯಿ ಜೋತಾಡುತ್ತಿತ್ತು. ಬಾಣಲೆಯ ಮಸಿ ಹೋಗಿ ಫಳಫಳ ಎನ್ನುತ್ತಿತ್ತು. ಇಲ್ಲದವರು ಮಾಡಿದ ಕೆಲಸಕ್ಕೆ ಆ ಊರಿನಲ್ಲಿ ‘ಗಾಳಿ ಮಾಡಿತು’ ಎನ್ನುತ್ತಿದ್ದರು. ಹೆಂಚನ್ನು ಗಾಳಿ ಹೊದಿಸಿತು. ಹೀರೇಕಾಯಿಯನ್ನು ಗಾಳಿ ಬೆಳೆಸಿತು. ಬಾಣಲೆಯನ್ನು ಗಾಳಿ ತಿಕ್ಕಿತು. ಇಷ್ಟೆಲ್ಲ ಮಾಡುವ ಗಾಳಿ ಒಮ್ಮೆಯಾದರೂ ಆ ಕೊಡಗಳನ್ನು ಕೆಡವಬಾರದಿತ್ತೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅವನು ಮೊದಮೊದಲು ಮಾತಾಡಿಸಿದ. ಆಮೇಲೆ ಕೂಗಿದ. ಆಮೇಲೆ ಸುಮ್ಮನಾದ.

ಒಂದು ಬೆಳಿಗ್ಗೆ ಅವಳು ಹೀರೇಕಾಯಿ ಕೀಳಲು ಹಿತ್ತಲಿಗೆ ಹೋದಾಗ ಚಪ್ಪರದ ಆ ಬದಿ ಯಾರೋ ಗಂಡಸು ಮಾತಾಡುತ್ತಿದ್ದುದು ಕೇಳಿಸಿತು. ‘ನಿನ್ನ ಬಾಲ ಎಲ್ಲಿ ಹೋಯ್ತೋ?’ ಎಂದು ಹಲ್ಲಿಯನ್ನು ಕೇಳುತ್ತಿದ್ದ. ದನಿ ಒರಟು, ಬಳಸದ ಬಾವಿಯ ರಾಟೆಯ ಹಾಗೆ ಕಿರುಗುಟ್ಟುತ್ತಿತ್ತು. ಯಾರೋ ಹೊರಗಿನವನು ನುಗ್ಗಿದ್ದಾನೆ ಎಂದು ಹೆದರಿ ಅವಳು ಕೋಲು ಹುಡುಕಿದಳು. ಕೋಲು ಕೈಗೆ ಬಂದ ಮೇಲೆ ತಿಳಿಯಿತು, ಅದು ತನ್ನ ಗಂಡನ ದನಿ.

ಅವಳು ಹೀರೇಕಾಯಿ ಬಿಟ್ಟು ಒಳಗೆ ಬಂದು, ಕೊಡದ ಕೆಳಗೆ ಕೂತು ಅತ್ತಳು. ಗಂಡನ ದನಿಯೇ ಗುರುತು ಸಿಗದಿದ್ದರೆ ಇನ್ನು ಉಳಿದದ್ದೇನು? ಅವನ ಮುಖ ನೋಡಿ, ತಪ್ಪಾಯಿತು ಎಂಬ ಒಂದು ಮಾತು ಹೇಳಬೇಕು. ಲೋಕಕ್ಕೆಲ್ಲ ಕ್ಷಮೆ ಬರೆದವಳು ತಾನು ನಿಜವಾಗಿ ಮಾಡಿದ ಒಂದೇ ಒಂದು ತಪ್ಪಿಗೆ ಬಾಯಿ ಬಿಟ್ಟಿರಲಿಲ್ಲ. ತಡವಾದರೆ ಹೇಳಲು ಅವನು ಇರುತ್ತಾನೋ ಇಲ್ಲವೋ.

ಕಟ್ಟಳೆಯ ಓಲೆಯನ್ನು ತೆಗೆದು ಹುಡುಕಿದಳು. ಕೊನೆಯಲ್ಲಿ ಒಂದು ಸಾಲಿತ್ತು. ದುಡಿಯುವವರಿಗೆ ಒಂಬತ್ತು ದಿನದ ರಜೆ ಉಂಟು. ರಜೆಯಲ್ಲಿರುವವರು ಕೊಡದ ಕೆಳಗೆ ಕೂರಬೇಕಾಗಿಲ್ಲ, ಯಾರನ್ನು ಬೇಕಾದರೂ ನೋಡಬಹುದು, ಯಾರೊಡನೆ ಬೇಕಾದರೂ ಮಾತಾಡಬಹುದು, ಇಲ್ಲದವರೊಡನೆ ಕೂಡ. ಈ ಸಾಲನ್ನು ಊರಿನಲ್ಲಿ ಯಾರೂ ಓದಿರಲಿಲ್ಲ, ಓದಿದವರು ಕೇಳಿರಲಿಲ್ಲ.

ಕ್ಷಮೆ ಬರೆಯುವವಳು ಕೇಳಿದಳು.

“ರಜೆಯಾ?” ಎಂದಿತು ಕೊಡ. ಆ ದನಿಗೆ ಬೇಸರವಾದ ಹಾಗಿತ್ತು. “ಮನೆಯಲ್ಲೇ ಇದ್ದೀಯಲ್ಲಮ್ಮ. ಮನೆಯಲ್ಲಿರುವವರಿಗೆ ರಜೆ ಯಾಕೆ?”

“ಓಲೆಯಲ್ಲಿ ಬರೆದಿದೆ,” ಎಂದಳು.

ಕೊಡದೊಳಗೆ ಓಲೆ ಮಗುಚುವ ಸದ್ದು ಕೇಳಿಸಿತು. ಆಮೇಲೆ, “ನಿನ್ನ ನೆಮ್ಮದಿಯೇ ನಮಗೆ ಮುಖ್ಯ. ಹೋಗಿ ಬಾ,” ಎಂದಿತು.

ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅಂದೇ ಕಂಚುಗಾರ ಬಂದ. ಕೈಯಲ್ಲಿ ಒಂದು ಪುಟ್ಟ ಗಿಂಡಿ, ಗಿಂಡಿಗೆ ಕೆಂಪು ದಾರ. ದಾರವನ್ನು ಅವಳ ಸೊಂಟಕ್ಕೆ ಕಟ್ಟಿದ.

“ಇದೇನು?” ಎಂದಳು.

“ರಜೆ ಗಿಂಡಿ ತಾಯಿ. ರಜೆ ಅಂದ್ರೆ ರಜೆ, ಯಾರೂ ಬೇಡ ಅನ್ನಲ್ಲ. ಆದ್ರೆ ನೀವು ರಜೇಲಿ ಇದೀರಿ ಅನ್ನೋದು ಅವರಿಗೆ ಗೊತ್ತಾಗಬೇಡ್ವಾ? ಆಗಾಗ ಕೇಳುತ್ತೆ. ಒಂದು ಮಾತು ಹೇಳಿದ್ರಾಯ್ತು.”

“ಹೇಳದಿದ್ರೆ?”

“ಮೂರು ಸಲ,” ಎಂದ ಕಂಚುಗಾರ, ಗೋಡೆಯ ಮೇಲಿನ ಅವಳ ಅಂಗೈ ಗುರುತು ನೋಡುತ್ತಾ. “ಅದೇನು ಹೊಸದಲ್ವಲ್ಲ.”

ಮೊದಲ ದಿನ ಅವಳು ತಲೆ ಸ್ನಾನ ಮಾಡಿ, ಎರಡು ತಟ್ಟೆಯನ್ನು ಎದುರುಬದುರು ಇಟ್ಟಳು. ಮೂಲೆಯಲ್ಲಿ ಕೂತಿದ್ದವನನ್ನು ನೋಡಿದಳು. ಎರಡು ವರ್ಷದ ಮೇಲೆ ನೋಡಿದಳು. ಗಡ್ಡ ಎದೆಗೆ ಬಂದಿತ್ತು. ಅವನೂ ನೋಡಿದ. ಅವನ ಕೈ ಗಡ್ಡಕ್ಕೆ ಹೋಯಿತು, ನಾಚಿಕೆಯಾದವನ ಹಾಗೆ. ಅವನು ಎದ್ದು ಬಂದು ತಟ್ಟೆಯ ಮುಂದೆ ಕೂತ.

“ನಾನು,” ಎಂದಳು ಅವಳು.

ಗಿಂಡಿ ಕೇಳಿತು: “ವಿಶ್ರಾಂತಿ ಆಗುತ್ತಿದೆಯಾ?”

“ಆಗುತ್ತಿದೆ.” ಅವನ ಕಡೆ ತಿರುಗಿದಳು. “ಆವತ್ತು ನಾನು…”

ಗಿಂಡಿ ಕೇಳಿತು: “ಎಷ್ಟು ಆಗುತ್ತಿದೆ? ಒಂದರಿಂದ ಐದರೊಳಗೆ ಹೇಳು.”

“ನಾಲ್ಕು.”

“ಐದು ಯಾಕಲ್ಲ? ಏನು ಕೊರತೆ?”

ಅವಳು ಕೊರತೆ ಹೇಳಿ ಮುಗಿಸುವ ಹೊತ್ತಿಗೆ ಅವನು ಊಟ ಮಾಡಿ ಎದ್ದಿದ್ದ. ಕೊಡ ಹೊತ್ತಿಗೊಂದು ಸಲ ಕೇಳುತ್ತಿದ್ದರೆ ಗಿಂಡಿ ಗಳಿಗೆಗೊಂದು ಸಲ ಕೇಳುತ್ತಿತ್ತು. ದುಡಿಯುವವರ ಮೇಲೆ ಆಚೆಯವರಿಗೆ ಇದ್ದ ಅನುಮಾನಕ್ಕಿಂತ ವಿಶ್ರಾಂತಿ ಪಡೆಯುವವರ ಮೇಲೆ ಹೆಚ್ಚು ಅನುಮಾನ.

ಎರಡನೆಯ ದಿನ ಅವಳು ಅವನನ್ನು ಕೆರೆಯ ಕಡೆ ಕರೆದಳು, ಕೈಸನ್ನೆಯಲ್ಲೇ. ದಾರಿ ತಪ್ಪಿ, ಬೇಲಿ ಸುತ್ತಿ, ಅಂತೂ ಸಿಕ್ಕಿತು. ಕೆರೆಯಲ್ಲಿ ನೀರಿತ್ತು, ನೀರಿನಲ್ಲಿ ತಾವರೆಯಿತ್ತು. ಇಬ್ಬರೂ ಏರಿಯ ಮೇಲೆ ಕೂತರು. ಅವಳು ಬಾಯಿ ತೆರೆದಳು.

ಗಿಂಡಿ ಕೇಳಿತು: “ಏನು ನೋಡುತ್ತಿದ್ದೀಯ?”

“ತಾವರೆ.”

“ಎಷ್ಟು ತಾವರೆ?”

ಅವಳು ಎಣಿಸಿದಳು. ಮೂವತ್ತೆರಡು. ಹೇಳಿದಳು. ಗಿಂಡಿಗೆ ಸಮಾಧಾನವಾಯಿತು. ಅವಳಿಗೆ ಆಮೇಲೆ ಆ ಕೆರೆಯಲ್ಲಿ ಮೂವತ್ತೆರಡು ಬಿಟ್ಟು ಬೇರೇನೂ ಕಾಣಿಸಲಿಲ್ಲ. ನಕ್ಷೆ ತಿದ್ದುವವನು ಒಂದು ಕಲ್ಲೆತ್ತಿ ನೀರಿಗೆ ಎಸೆದ, ಇನ್ನೊಂದು ಎಸೆದ, ಎದ್ದು ಮನೆಯ ಕಡೆ ನಡೆದ.

ಮೂರನೆಯ ದಿನ ಗಿಂಡಿ ಬೇರೆ ರಾಗ ತೆಗೆಯಿತು. “ರಜೆಯಲ್ಲಿ ತೊಂದರೆ ಕೊಡಬಾರದು, ಗೊತ್ತು. ಆದರೂ ಒಂದೇ ಒಂದು ಸಣ್ಣ ಕ್ಷಮೆ. ತೊಟ್ಟಿಲು ಕೊಂಡವಳೊಬ್ಬಳು ಬಹಳ ಅಳುತ್ತಿದ್ದಾಳೆ. ಬೇರೆಯವರು ಬರೆದರು, ನಾಟಲಿಲ್ಲ. ನಿನ್ನ ಕೈಗುಣವೇ ಬೇರೆ.”

ಹೇಳಬೇಕೋ ಬೇಡವೋ, ಅವಳಿಗೆ ಒಳಗೊಳಗೇ ಖುಷಿಯಾಯಿತು. ಗಂಡ ಎದುರಿಗೆ ಕೂತಿದ್ದ, ಅವಳೇ ಕೂರಿಸಿದ್ದಳು. ‘ಒಂದು ನಿಮಿಷ’ ಎಂದು ಬೆರಳೆತ್ತಿ ಓಲೆ ತೆಗೆದಳು. ಒಂದು ಹೋಗಿ ಮೂರಾಯಿತು, ಮೂರು ಹೋಗಿ ಏಳಾಯಿತು. ತಲೆಯೆತ್ತಿದಾಗ ಬಿಸಿಲು ಹೊಸ್ತಿಲಿಂದ ಒಲೆಯವರೆಗೆ ಬಂದಿತ್ತು. ಅವನು ಕೂತಿದ್ದ ಜಾಗದಲ್ಲಿ ಚಾಪೆ ಮಾತ್ರ ಇತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಅಕ್ಕಿ ತೊಳೆಯುತ್ತಿದ್ದಳು. ನಕ್ಷೆ ತಿದ್ದುವವನು ಗಂಟು ಕಟ್ಟಿಕೊಂಡು ಒಳಕೋಣೆಯಿಂದ ಬಂದ. ಒಂದು ಪಂಚೆ, ಒಂದು ಕಂಬಳಿ, ಹೀರೇಕಾಯಿಯ ಬೀಜದ ಪೊಟ್ಟಣ. ಗಡ್ಡ ತೆಗೆದಿದ್ದ. ಹೊರಟವನ ಹಾಗೆ ಕಚ್ಚೆ ಬಿಗಿದಿದ್ದ.

ಅವಳು ಅಕ್ಕಿಯ ಪಾತ್ರೆ ಬಿಟ್ಟು ನಿಂತಳು. ಅವನು ಹೊಸ್ತಿಲ ಕಡೆ ನಡೆದ.

ಗಿಂಡಿ ಕೇಳಿತು: “ವಿಶ್ರಾಂತಿ ಆಗುತ್ತಿದೆಯಾ?”

ಅವಳ ಬಾಯಿ ತಾನಾಗಿಯೇ ತೆರೆಯಿತು. ಹದಿನಾಲ್ಕು ವರ್ಷದ ಅಭ್ಯಾಸ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

“ವಿಶ್ರಾಂತಿ ಆಗುತ್ತಿದೆಯಾ?” ಎಂದಿತು ಗಿಂಡಿ, ಎರಡನೆಯ ಸಲ. ಅವನ ಒಂದು ಕಾಲು ಹೊಸ್ತಿಲಾಚೆ ಇತ್ತು.

ಅವಳ ಪಾದದಿಂದ ಸಿಟ್ಟು ಹತ್ತಿತು. ಆಚೆಯವರ ಮೇಲೆ, ಕಂಚುಗಾರನ ಮೇಲೆ, ಮೂವತ್ತೆರಡು ತಾವರೆಯ ಮೇಲೆ, ಯಾವನೋ ಛತ್ರಿಯವನ ಮೇಲೆ, ಅವನಿಗೆ ಹೃತ್ಪೂರ್ವಕವಾಗಿ ಬರೆದ ತನ್ನ ಕೈಯ ಮೇಲೆ. ಸೊಂಟದ ಕೆಂಪು ದಾರ ಕಿತ್ತಳು. ಗಿಂಡಿಯನ್ನು ಕಲಗಚ್ಚಿನ ಬಾನಿಯಲ್ಲಿ ಮುಳುಗಿಸಿದಳು. ಕೈ ಮೊಣಕೈವರೆಗೆ ಹೋಯಿತು. ಗಿಂಡಿ ಕೆಳಗಿನಿಂದ ಮೂರನೆಯ ಸಲ ಕೇಳಿತು, ಗುಳುಗುಳು ಎಂದು ಗುಳ್ಳೆ ಬಂತು, ನಿಂತಿತು. ಅಲ್ಲಿಗೆ ಅವಳು ಇಲ್ಲವಾದಳು.

ಒದ್ದೆ ಕೈಯಲ್ಲೇ ಓಡಿ, ಹೊಸ್ತಿಲಿನಲ್ಲಿ ಗಂಡನ ಗಂಟು ಹಿಡಿದು ಎಳೆದಳು. ಅವನು ತಿರುಗಿದ. ಇನ್ನು ಕೇಳುವವರಿಲ್ಲ, ತಡೆಯುವವರಿಲ್ಲ. ಎರಡು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತು ಹೊರಟಿತು. ಹೊರಟಿದ್ದು ಹೀಗೆ:

“ತಮಗಾದ ಅನಾನುಕೂಲಕ್ಕೆ ನಾವು ಹೃತ್ಪೂರ್ವಕವಾಗಿ ವಿಷಾದಿಸುತ್ತೇವೆ.”

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅವಳಿಗೂ ಕೇಳಿಸಿತು ತಾನು ಹೇಳಿದ್ದು. ಬೇರೆ ಹೇಳಲು ಹುಡುಕಿದಳು. ಬಾಯಲ್ಲಿ ಬೇರೆ ಇರಲಿಲ್ಲ.

“ಏನಂದೆ?” ಎಂದ. ಕಿರುಗುಟ್ಟುವ ದನಿ. “ಅನಾನುಕೂಲಾನಾ? ಎರಡು ವರ್ಷ ಈ ಮನೇಲಿ ಪಿಶಾಚಿ ಥರ ಓಡಾಡಿದೀನಿ. ಅದು ನಿನಗೆ ಅನಾನುಕೂಲಾನಾ? ‘ನಾವು’ ಅಂದ್ರೆ ಯಾರು? ನಿನ್ನ ಜೊತೆ ಇನ್ಯಾರಿದಾರೆ ವಿಷಾದಿಸೋಕೆ?”

“ನನಗೆ ಬರೋದೇ ಅದು! ಹದಿನಾಲ್ಕು ವರ್ಷ ಅದನ್ನೇ ಬರೆದಿದೀನಿ!”

“ಗೋಡೆ ಆಚೆ ಇದ್ದೆ ನೀನು. ಮೂರು ಸಲ ಕರೀತು ಕಣೇ, ಮೂರು ಸಲ! ಒಂದ್ಸಲ ಬಂದು ಎಬ್ಬಿಸೋಕಾಗ್ಲಿಲ್ವಾ?”

“ಛತ್ರಿ…” ಎಂದಳು.

“ಯಾವನದೋ ಛತ್ರಿ ಕಡ್ಡಿ ಮುರಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ದಿನಾ ತಟ್ಟೆ ಇಟ್ಟೆ. ನಾಯಿಗಾದ್ರೂ ಬಾ ಬಾ ಅಂತ ಕರೆದು ಹಾಕ್ತಾರೆ. ಒಂದು ದಿನ, ಗೋಡೆಗಾದ್ರೂ ಹೇಳೋ ಹಾಗೆ, ಉಪ್ಪು ಸಾಕಾ ಅಂತ ಕೇಳಿದೀಯಾ?”

ಅವನ ದನಿ ಏರಿದಂತೆ ಕಿರುಗುಟ್ಟುವುದು ನಿಂತಿತು, ಹಳೆಯ ದನಿ ಬಂತು. ಬೀದಿಯ ಆ ತುದಿಗೆ ಕೇಳಿಸುವಂಥ ದನಿ. ಅವನು ಬೀದಿಗಿಳಿದ, ಅವಳೂ ಇಳಿದಳು, ಗಂಟು ಬಿಡದೆ.

ಅಷ್ಟರಲ್ಲಿ ನೆರೆಯ ಮೂವರು ಸುಣ್ಣದ ಬಕೆಟ್ಟು ಹಿಡಿದು ಬಂದರು. ಹೆಸರಿಡುವವಳು ಮುಂದೆ, ಬೆಲೆ ಹೋಲಿಸುವವನೂ ಹಾಡು ವಿಂಗಡಿಸುವವನೂ ಹಿಂದೆ. ಕಟ್ಟಳೆಯಂತೆ ನೆಲ ನೋಡುತ್ತಾ ಬಂದರು. ಗಂಡ ಹೆಂಡತಿಯ ಪಕ್ಕದಲ್ಲೇ, ಎರಡು ಕಂಬಗಳ ಪಕ್ಕ ಹಾದುಹೋಗುವ ಹಾಗೆ ಹಾದು, ಗೋಡೆಯ ಮುಂದೆ ನಿಂತರು. ಹೆಸರಿಡುವವಳು ಕ್ಷಮೆ ಬರೆಯುವವಳ ಅಂಗೈ ಹುಡುಕಿ ಒಂದು ಸಲ ಸುಣ್ಣ ಬಳಿದಳು.

ಹಿಂದೆ ಜಗಳ ಜೋರಾಗಿತ್ತು.

“ನೀನೇನು ಸಾಚಾನಾ?” ಕ್ಷಮೆ ಬರೆಯುವವಳು ಕೂಗುತ್ತಿದ್ದಳು. “ನಮ್ಮಮ್ಮ ಹೋದ ಸುದ್ದಿ ಬಂದ ದಿನ ಇದೇ ಹೊಸ್ತಿಲ ಮೇಲೆ ಕೂತು ಅತ್ತೆ. ನೀನು ಒಳಗೆ ಯಾವುದೋ ಊರಿನ ತಿರುವು ತಿದ್ತಾ ಇದ್ದೆ. ‘ಈ ತಿರುವು ಮುಗೀಲಿ, ಬಂದೆ’ ಅಂದೆ. ಬಂದ್ಯಾ?”

“ಬಂದೆ! ತಕ್ಷಣ ಬಂದೆ!”

ಹೆಸರಿಡುವವಳ ಕೈ ಗೋಡೆಯ ಮೇಲೆ ನಿಂತಿತು. ಎರಡನೆಯ ಸಲ ಬಳಿಯಬೇಕಿತ್ತು. ಅವಳು ತುಟಿ ಕಚ್ಚಿದಳು. ಸುಣ್ಣ ಅವಳ ಮೊಣಕೈಗೆ ಇಳಿಯಿತು.

“ತಕ್ಷಣವಂತೆ!” ಎನ್ನುತ್ತಿದ್ದಳು ಕ್ಷಮೆ ಬರೆಯುವವಳು. “ಯಾರಾದ್ರೂ ನೋಡಿದವರಿದ್ರೆ ಹೇಳ್ಲಿ!”

“ಮಧ್ಯಾಹ್ನ ತಿರುಗೋವರೆಗೂ ಬರಲಿಲ್ಲ ಅವನು!” ಹೆಸರಿಡುವವಳು ಗರ್ರನೆ ತಿರುಗಿ ಹೇಳಿಬಿಟ್ಟಳು. “ಸುಳ್ಳು ಹೇಳ್ತಾನೆ ನೋಡು. ನಾನೇ ಕಿಟಕೀಲಿ ನೋಡಿದೀನಿ. ಒಂದು ಲೋಟ ನೀರು ಕೊಡೋರಿರಲಿಲ್ಲ ಈ ಹುಡುಗಿಗೆ!”

ಇಲ್ಲದವರ ಜೊತೆ ಮಾತಾಡಿದ ಮೇಲೆ ಅವಳೇ ಬೆಚ್ಚಿದಳು. ಆದರೆ ಆಡಿದ್ದು ಆಡಿಯಾಗಿತ್ತು, ಮತ್ತು ಅದು ನಿಜವಾಗಿತ್ತು. ಕಣ್ಣೆದುರಿಗೆ ಒಬ್ಬ ಸುಳ್ಳು ಹೇಳುವಾಗ ಸುಮ್ಮನಿರಲು ಅವಳ ಹುಟ್ಟಿನಲ್ಲೇ ಬರೆದಿರಲಿಲ್ಲ.

“ನಿಮಗೆ ಜ್ವರ ಬಂದಿದ್ರೆ ಗೊತ್ತಾಗ್ತಿತ್ತು,” ಎಂದ ಬೆಲೆ ಹೋಲಿಸುವವನು ಹೆಸರಿಡುವವಳಿಗೆ ಮೆಲ್ಲಗೆ, ನೆಲ ನೋಡುತ್ತಲೇ. ಆಮೇಲೆ ತಲೆಯೆತ್ತಿ ಜೋರಾಗಿ, “ಜ್ವರದವನನ್ನ ಹಾಗೆ ಬಿಡಬಾರದಿತ್ತು. ತಿರುವಿನ ಮಾತು ಬೇರೆ, ಜ್ವರದ ಮಾತು ಬೇರೆ. ಎರಡನ್ನೂ ಒಂದೇ ತಕ್ಕಡೀಲಿ ಹಾಕಬೇಡಿ.”

“ಹೆತ್ತವಳ ಸಾವಿಗಿಂತ ಜ್ವರ ದೊಡ್ಡದಾ?” ಹಾಡು ವಿಂಗಡಿಸುವವನು ಅವನ ಮೇಲೆ ಏರಿಹೋದ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಬೋರಲು ಕೊಡಗಳ ಕೆಳಗಿನಿಂದ ಕತ್ತು ಹಿಡಿದುಕೊಂಡು ಜನ ಎದ್ದು ಬಂದರು. ಬೆಳಕಿಗೆ ಕಣ್ಣು ಕಿರಿದು ಮಾಡಿ, ಏನಂತೆ, ಯಾರದಂತೆ ತಪ್ಪು ಎಂದರು. ಒಬ್ಬರು ಅವಳ ಕಡೆ, ಒಬ್ಬರು ಅವನ ಕಡೆ. ಅವರ ನಡುವೆ ಯಾರೂ ಗುರುತಿಸದ ಮುಖಗಳೂ ಇದ್ದವು, ಎಷ್ಟೋ ವರ್ಷದ ಹಿಂದೆ ಸುಣ್ಣ ಬಳಿಸಿಕೊಂಡವರು, ಇಷ್ಟು ದಿನ ಆ ಬೀದಿಯಲ್ಲೇ ಇದ್ದವರು. ಅವರೂ ತಮ್ಮ ಅಭಿಪ್ರಾಯ ಹೇಳಿದರು, ಎಲ್ಲರಿಗಿಂತ ಜೋರಾಗಿ.

“ತಪ್ಪಾಯ್ತು ಅಂದೆನಲ್ಲ!” ಕ್ಷಮೆ ಬರೆಯುವವಳು ಅಷ್ಟೂ ಗದ್ದಲದ ಮೇಲೆ ಕಿರುಚಿದಳು. ಮುಖವೆಲ್ಲ ಕಣ್ಣೀರು, ಮೂಗು ಸೋರುತ್ತಿತ್ತು. “ಏಳಬೇಕಿತ್ತು, ಏಳಲಿಲ್ಲ. ಹೆದರಿಕೊಂಡೆ. ನಂದೇ ತಪ್ಪು. ಇನ್ನೇನು ಮಾಡ್ಲಿ, ಸಾಯ್ಲಾ?”

“ಯಾವಾಗ ಅಂದೆ?” ಎಂದ ಅವನು.

“ಈಗ!”

ಅವನು ಬಾಯಿ ತೆರೆದ. ಜನ ಅವನ ಮುಖ ನೋಡಿದರು. ಬೀದಿಯುದ್ದಕ್ಕೂ ತೆರೆದ ಬಾಗಿಲುಗಳ ಒಳಗಿನಿಂದ ಕೊಡಗಳು ಕರೆಯುತ್ತಿದ್ದವು, ಇದ್ದೀಯಾ, ಇದ್ದೀಯಾ, ಎಷ್ಟನೆಯ ಸಲವೋ ಯಾರೂ ಎಣಿಸಿರಲಿಲ್ಲ. ಎದುರುಮನೆಯ ಕೊಡದ್ದು ಎಲ್ಲಕ್ಕಿಂತ ದೊಡ್ಡ ಗಂಟಲು.

ಹೆಸರಿಡುವವಳು ತನ್ನ ಮನೆಯ ಕಡೆ ತಿರುಗಿ ಕೈ ಬೀಸಿದಳು.

“ಏಯ್, ಸುಮ್ನಿರು ಅತ್ಲಾಗೆ!” ಎಂದು ಕೊಡವನ್ನು ಗದರಿದಳು. “ಅವನು ಏನೋ ಹೇಳ್ತಾ ಇದಾನೆ, ಕೇಳಿಸ್ತಾ ಇಲ್ಲ.”

ನಕ್ಷೆ ತಿದ್ದುವವನು ಗಂಟನ್ನು ನೆಲಕ್ಕಿಟ್ಟ. ಅಷ್ಟು ಜನ ತನ್ನನ್ನು ನೋಡುತ್ತಿರುವುದು ಅವನಿಗೆ ಆಗ ತಿಳಿಯಿತೇನೋ, ಪಂಚೆಯ ಅಂಚು ಸರಿ ಮಾಡಿಕೊಂಡ.

“ನಿಮ್ಮಮ್ಮನ ದಿನ,” ಎಂದ. “ತಕ್ಷಣ ಬರಲಿಲ್ಲ ನಾನು. ಸಂಜೆ ಬಂದೆ.”